ಕಬ್ಬಿನ ನಾಡಿನಲ್ಲಿ ಕಾಯಿಪಲ್ಲೆಯ ಪ್ರಶ್ನೆ



2025ರ ನವೆಂಬರ್ ತಿಂಗಳ ಮೊದಲ ವಾರ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್ ಇಡೀ ನಾಡಿನ ಗಮನವನ್ನು ತನ್ನತ್ತ ಸೆಳೆದುಕೊಂಡಿತ್ತು. ಟನ್ ಕಬ್ಬಿಗೆ 3500 ರೂಪಾಯಿ ದೊರೆಯಬೇಕೆಂದು ರೈತರು ಹಗಲಿರುಳೆನ್ನದೆ ರಸ್ತೆಯ ಮೇಲೆ ಕುಳಿತರು. ಒಂದು ವಾರಕ್ಕೂ ಮೀರಿ ನಡೆದ ಆ ಹೋರಾಟದ ಫಲವಾಗಿ ನವೆಂಬರ್ 7ರಂದು 3300 ರೂಪಾಯಿಯ ತೀರ್ಮಾನವಾಯಿತು. ಅದರಲ್ಲಿ 50 ರೂಪಾಯಿಯನ್ನು ಸರಕಾರವೇ ಭರಿಸಲು ಒಪ್ಪಿತು. ದುಡಿದವನಿಗೆ ದುಡಿಮೆಯ ಬೆಲೆ ಸಲ್ಲಬೇಕೆಂಬುದು ಕಾಯಕತತ್ತ್ವದ ಮೊದಲ ಪಾಠವಾದ್ದರಿಂದ, ಆ ಬೇಡಿಕೆಯ ನ್ಯಾಯದ ಬಗ್ಗೆ ನಮಗೆ ಸಂಶಯವಿಲ್ಲ.

ಆದರೆ ಆ ದಿನಗಳಲ್ಲಿ ಎಲ್ಲಿಯೂ ಕೇಳಿಬಾರದಿದ್ದ ಇನ್ನೊಂದು ಪ್ರಶ್ನೆ ನಮ್ಮನ್ನು ಕಾಡುತ್ತಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನೀರಾವರಿ ಭೂಮಿಯ ಬಹುಪಾಲನ್ನು ಕಬ್ಬು ಆವರಿಸಿಕೊಂಡಿರುವಾಗ, ಈ ಭಾಗದ ಜನರು ದಿನನಿತ್ಯ ಉಣ್ಣುವ ಪಲ್ಯ ಎಲ್ಲಿಂದ ಬರಬೇಕು? ಕಬ್ಬು ಸಾಲ ತೀರಿಸೀತು, ಮಗಳ ಮದುವೆ ಮಾಡೀತು. ರೊಟ್ಟಿಯ ಮಗ್ಗುಲಿಗೆ ಬಂದು ಕೂಡ್ರಲಾರದು. ಈ ಪ್ರಶ್ನೆ ಹಳ್ಳಿಯ ರೈತನಿಗಿಂತ ಕೊಣ್ಣೂರಿನಂತಹ ಸಣ್ಣ ಪಟ್ಟಣದ ಕೂಲಿಕಾರನಿಗೆ ಹೆಚ್ಚು ತಾಗುತ್ತದೆ. ರೈತನಿಗೆ ಕನಿಷ್ಠ ಒಡ್ಡಿನ ಮೇಲೆ ನಾಲ್ಕು ಬದನೆಯ ಸಸಿ ಹಚ್ಚುವ ಅವಕಾಶವಿದೆ. ಬಾಡಿಗೆ ಮನೆಯ ಕೂಲಿಕಾರನಿಗೆ ಅದೂ ಇಲ್ಲ.

ಕೊಣ್ಣೂರು ಹೊಸ ಊರಲ್ಲ. ರಟ್ಟರ ಕಾಲದ ಶಾಸನಗಳಲ್ಲಿ ಇದು ಕೊಂಡನೂರು. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ: ದೇಗುಲಕ್ಕಾಗಲಿ ಬಸದಿಗಾಗಲಿ ಭೂಮಿ ಬಿಡುವಾಗ ಹೊಲಗದ್ದೆಯ ಜೊತೆಗೆ ತೋಟವನ್ನೂ ಹೂದೋಟವನ್ನೂ ಹೆಸರಿಸಿ, ಅಳತೆ ಹೇಳಿ, ಎಲ್ಲೆ ಕಟ್ಟಿ ಬಿಡುತ್ತಿದ್ದರು. ಊರೊಳಗಣ ಹಸಿರು ಆಗ ಅಲಂಕಾರವಾಗಿರಲಿಲ್ಲ, ಬರೆದಿಟ್ಟ ಹಕ್ಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೋಕಾಕ ಜಲಪಾತದ ನೀರಿನ ಬಲವನ್ನು ನಂಬಿ ನೂಲಿನ ಗಿರಣಿ ಬಂದಿತು. ಅದರ ಬೆನ್ನಿಗೆ ಸುತ್ತಲಿನ ಹಳ್ಳಿಗಳ ಕುಟುಂಬಗಳು ಹೊಲದ ಕೆಲಸ ಬಿಟ್ಟು ಪಾಳಿಯ ಕೆಲಸಕ್ಕೆ ಬಂದವು. ಪಾಳಿಯ ಬದುಕಿನಲ್ಲಿ ಸಂಬಳವಿತ್ತು, ಹಿತ್ತಲಿರಲಿಲ್ಲ. ನಮ್ಮ ಪಟ್ಟಣದ ಇಂದಿನ ರೂಪಕ್ಕೆ ಈ ಒಂದು ವಾಕ್ಯದ ಇತಿಹಾಸವೇ ಬಹುಮಟ್ಟಿಗೆ ಕಾರಣ ಎಂದು ನಾವು ತಿಳಿಯುತ್ತೇವೆ.

ಇನ್ನು ಲೆಕ್ಕಕ್ಕೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಸೂತ್ರಗಳ ಪ್ರಕಾರ ಒಬ್ಬ ವ್ಯಕ್ತಿಯ ದಿನದ ಊಟದಲ್ಲಿ 400 ಗ್ರಾಮ್ ತರಕಾರಿ, 100 ಗ್ರಾಮ್ ಹಣ್ಣು ಇರಬೇಕು. ಐವರ ಮನೆಗೆ ದಿನಕ್ಕೆ ಎರಡು ಕಿಲೋ ತರಕಾರಿ, ತಿಂಗಳಿಗೆ 60 ಕಿಲೋ. ಕಿಲೋವಿಗೆ ಸರಾಸರಿ 40 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 2400 ರೂಪಾಯಿ. ದಿನಗೂಲಿಯ ಕುಟುಂಬವೊಂದು ಕಾಯಿಪಲ್ಲೆಗೆಂದು ಇಷ್ಟು ಹಣ ಎತ್ತಿಡುವುದು ಸಾಧ್ಯವೇ? ಸಂತೆಯಲ್ಲಿ ಪಾವು ಕಿಲೋ, ಅರ್ಧ ಕಿಲೋ ತೂಗಿಸಿಕೊಂಡು ಹೋಗುವ ತಾಯಂದಿರನ್ನು ನೋಡಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಬೆಲೆ ಏರಿದ ವಾರ ಮೊದಲು ಮಾಯವಾಗುವುದು ಮೆಂತೆ, ಪಾಲಕಗಳಂತಹ ತಪ್ಪಲು ಪಲ್ಯ. ಕೊನೆಗೆ ಉಳಿಯುವುದು ಉಳ್ಳಾಗಡ್ಡಿ, ಆಲೂಗಡ್ಡೆ. ಬೆಳಗಾವಿ ಜಿಲ್ಲೆಯ ತರಕಾರಿ ದಿನಾಲೂ ಗೋವೆಯ ಅಡುಗೆಮನೆಗಳನ್ನು ತುಂಬುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಅದೇ ಜಿಲ್ಲೆಯ ಗಿರಣಿ ಊರಿನಲ್ಲಿ ಕೂಸು ರಕ್ತಹೀನತೆಯಿಂದ ಬಳಲಿದರೆ ಅದನ್ನು ಏನೆನ್ನಬೇಕು?

ಕಬ್ಬಿನ ನೀರಿನ ಲೆಕ್ಕವೂ ಇಲ್ಲಿ ಪ್ರಸ್ತುತ. ಒಂದು ಬೆಳೆಗೆ ಅದು ಬೇಡುವ ನೀರು ಸುಮಾರು 1500ರಿಂದ 2500 ಮಿಲಿಮೀಟರ್ ಮಳೆಗೆ ಸಮ. ಗೋಕಾಕ ಸೀಮೆಯಲ್ಲಿ ಬೀಳುವ ಮಳೆ ಅದರ ಅರ್ಧಕ್ಕೂ ಬಾರದು. ಹಿಡಕಲ್ ಜಲಾಶಯ ಮತ್ತು ಧೂಪದಾಳದ ಒಡ್ಡಿನಿಂದ ಹರಿಯುವ ಕಾಲುವೆ ಇಲ್ಲವಾದರೆ ಈ ಬೆಳೆಯೇ ಇಲ್ಲ. ಆದರೆ ಅದೇ ಘಟಪ್ರಭೆ 2019ರ ಆಗಸ್ಟ್‌ನಲ್ಲಿ ಗೋಕಾಕ ಪೇಟೆಯೊಳಗೆ ನುಗ್ಗಿ ಬಂದದ್ದನ್ನು, ಲೋಳಸೂರ ಸೇತುವೆ ಮುಳುಗಿ ದಾರಿಯೇ ಕಡಿದದ್ದನ್ನು ನಾವು ಮರೆತಿಲ್ಲ. 2021ರಲ್ಲಿ, 2024ರಲ್ಲಿ ಮತ್ತೆ ಅದನ್ನೇ ಕಂಡೆವು. ದಾರಿ ಕಡಿದಾಗ ಮೊದಲು ಬರಿದಾಗುವುದು ಕಾಯಿಪಲ್ಲೆಯ ಬುಟ್ಟಿ. ಜೋಳವನ್ನು ಚೀಲದಲ್ಲಿ ಕೂಡಿಡಬಹುದು, ಕೊತ್ತಂಬರಿಯನ್ನು ಯಾರು ಕೂಡಿಟ್ಟಾರು?

ಹಾಗಾದರೆ ಪಟ್ಟಣದೊಳಗೆ ಬೆಳೆಯಲು ಜಾಗವೆಲ್ಲಿದೆ ಎಂದು ಕೇಳುವವರಿದ್ದಾರೆ. ಜಾಗವಿದೆ. ಪ್ರತಿ ಹೊಸ ಬಡಾವಣೆಯಲ್ಲೂ ಉದ್ಯಾನಕ್ಕೆಂದು ಜಾಗ ಬಿಡುವುದು ಕಡ್ಡಾಯ; ಹಾಗೆ ಬಿಟ್ಟ ಜಾಗವನ್ನು ಬೇರೆಯದಕ್ಕೆ ಬಳಸದಂತೆ ಕಾಯಲು 1985ರ ಕರ್ನಾಟಕ ಉದ್ಯಾನ, ಆಟದ ಬಯಲು ಮತ್ತು ತೆರೆದ ಸ್ಥಳಗಳ ಕಾಯಿದೆ ಇದೆ. ನಕಾಶೆಯಲ್ಲಿ ಹಸಿರು ಬಣ್ಣ ಹಚ್ಚಿದ ಈ ಜಾಗಗಳನ್ನು ಉತ್ತರ ಕರ್ನಾಟಕದ ಯಾವುದೇ ಸಣ್ಣ ಪಟ್ಟಣದಲ್ಲಿ ಹೋಗಿ ನೋಡಿದರೂ ಕಾಣುವುದು ಒಂದೇ ಚಿತ್ರ: ಜಾಲಿಯ ಕಂಟಿ, ಕಟ್ಟಡದ ಅವಶೇಷ, ಪ್ಲಾಸ್ಟಿಕ್ ಚೀಲ. ಅನುದಾನ ಬಂದ ವರ್ಷ ತಂತಿಬೇಲಿ, ಫೇವರ್ಸ್ ಹಾಸು, ಎರಡು ಸಿಮೆಂಟ್ ಬೆಂಚು. ಮೂರನೆಯ ವರ್ಷ ಮತ್ತೆ ಜಾಲಿ. ಗಿಡ ನೆಡುವಲ್ಲಿಯೂ ಬೇಗ ಬೆಳೆದು ಬೇಗ ಹಸಿರಾಗಿ ಕಾಣುವುದನ್ನೇ ಹುಡುಕುತ್ತೇವೆ. ಕೋನೋಕಾರ್ಪಸ್ ಎಂಬ ಪರದೇಶದ ಗಿಡ ಹೀಗೆಯೇ ನಮ್ಮ ಊರುಗಳ ರಸ್ತೆಯ ನಡುವೆ ಬಂದು ನಿಂತದ್ದು. ಗುಜರಾತ ಸರಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ನಮ್ಮ ಹಿರಿಯರು ದಾರಿಯ ಬದಿಗೆ ಹಚ್ಚಿದ್ದು ಹುಣಸೆ, ಬೇವು, ಮಾವು, ಆಲ. ನೆರಳಿನ ಜೊತೆಗೆ ಹುಳಿ, ಔಷಧಿ, ಹಕ್ಕಿಗೆ ಹಣ್ಣು. ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಾಲನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರ್‌ನಲ್ಲಿಯೇ ನಮ್ಮನ್ನಗಲಿದರು. ಅವರು ಸಸಿ ನೆಟ್ಟು ಮನೆಗೆ ಹೋಗಲಿಲ್ಲ, ಬಿಂದಿಗೆಯಲ್ಲಿ ನೀರು ಹೊತ್ತು ಉಣಿಸಿದರು. 1950ರಿಂದ ವನಮಹೋತ್ಸವ ಆಚರಿಸುತ್ತ ಬಂದ ನಮಗೆ ಕಷ್ಟವಾಗಿರುವುದು ಆ ಎರಡನೆಯ ಕೆಲಸವೇ.

ಪಟ್ಟಣದ ಕೃಷಿ ಎಂದೊಡನೆ ಬೆಂಗಳೂರಿನ ತಾರಸಿ ತೋಟಗಳ ಹೆಸರು ಬರುತ್ತದೆ. ಡಾ. ಬಿ.ಎನ್. ವಿಶ್ವನಾಥ್ ಅವರು ಆ ನಗರದ ಗೃಹಿಣಿಯರಿಗೂ ನಿವೃತ್ತರಿಗೂ ಮಾಳಿಗೆಯ ಮೇಲೆ ಸಾವಯವ ತರಕಾರಿ ಬೆಳೆಯುವುದನ್ನು ಕಲಿಸಿದರು. ಗಾರ್ಡನ್ ಸಿಟಿ ಫಾರ್ಮರ್ಸ್ ಟ್ರಸ್ಟ್ 2011ರಿಂದ ನಡೆಸುತ್ತ ಬಂದ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳವೂ ಹೆಸರಾಯಿತು. ಇವೆಲ್ಲ ಮೆಚ್ಚತಕ್ಕವು. ಆದರೆ ಅಲ್ಲಿ ಬೆಳೆಯುವವರು ಸ್ವಂತ ಮಾಳಿಗೆಯುಳ್ಳವರು, ಬಿಡುವುಳ್ಳವರು. ತಗಡಿನ ಮಾಡಿನ ಕೆಳಗೆ ಬಾಡಿಗೆಗೆ ಇರುವ ನಮ್ಮ ಕಾರ್ಮಿಕ ಕುಟುಂಬಕ್ಕೆ ತಾರಸಿ ತೋಟದ ಉಪದೇಶ ಮಾಡುವುದು ಹಸಿದವನಿಗೆ ಪಂಚಾಂಗ ಓದಿದಂತಾದೀತು.

ನಮಗೆ ಪಾಠವಾಗಬೇಕಾದ ಉದಾಹರಣೆಗಳು ಬೇರೆ ಎರಡಿವೆ. ಒಂದು, ದೂರದ ಕ್ಯೂಬಾ ದೇಶದ ಹವಾನಾ ನಗರ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ದೇಶಕ್ಕೆ ಎಣ್ಣೆ, ಗೊಬ್ಬರ, ಧಾನ್ಯಗಳ ಆಮದು ಕುಸಿಯಿತು. ಅದೂ ನಮ್ಮಂತೆಯೇ ಕಬ್ಬನ್ನು ನೆಚ್ಚಿದ ನಾಡು. ಸಕ್ಕರೆ ಮಾರಿ ಅನ್ನ ಕೊಳ್ಳುತ್ತಿತ್ತು. ಸಕ್ಕರೆ ಕೊಳ್ಳುವವನೇ ಇಲ್ಲವಾದಾಗ ನಗರದ ಪಾಳುಜಾಗಗಳಲ್ಲಿ ಇಟ್ಟಿಗೆಯ ಅಂಚು ಕಟ್ಟಿ, ಕಾಂಪೋಸ್ಟ್ ಮಣ್ಣು ತುಂಬಿ ಜನರು ತರಕಾರಿ ಬೆಳೆದರು. ಅಲ್ಲಿ ಗಮನಿಸಬೇಕಾದದ್ದು ಜನರ ಉತ್ಸಾಹವನ್ನಲ್ಲ. ಒಡೆತನ ಕೊಡದೆ, ಬೆಳೆಯುವ ಹಕ್ಕನ್ನು ಮಾತ್ರ ಸರಕಾರ ಜನರಿಗೆ ಕೊಟ್ಟಿತು. ಇನ್ನೊಂದು ನೆರೆಯ ಕೇರಳದ್ದು. 1998ರಲ್ಲಿ ಆರಂಭವಾದ ಕುಟುಂಬಶ್ರೀ ಸಂಘಟನೆಯ ಮಹಿಳೆಯರು ನಾಲ್ಕಾರು ಜನರ ಗುಂಪು ಕಟ್ಟಿಕೊಂಡು ಪಾಳುಬಿದ್ದ ಭೂಮಿಯನ್ನು ಲಾವಣಿಗೆ ಹಿಡಿದು ಕೂಡಿ ಬೆಳೆಯುತ್ತಾರೆ. ಎರಡೂ ಕಡೆ ಮೂಲದಲ್ಲಿರುವುದು ಒಂದು ಕಾಗದ: ಇಷ್ಟು ಜಾಗ, ಇಷ್ಟು ವರ್ಷ, ಇಂಥವರಿಗೆ.

ನಮ್ಮಲ್ಲಿ ಇಲ್ಲದಿರುವುದೂ ಆ ಕಾಗದವೇ. ಉಳಿದದ್ದೆಲ್ಲ ಕೈಯಳತೆಯಲ್ಲಿದೆ. ಅರಭಾವಿಯಲ್ಲಿ ಕಿತ್ತೂರ ರಾಣಿ ಚನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯವಿದೆ, ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇಷ್ಟು ಹತ್ತಿರದಲ್ಲಿ ಇಂಥ ವಿದ್ಯೆ ಇರುವ ಭಾಗ್ಯ ಎಷ್ಟು ಪಟ್ಟಣಗಳಿಗಿದೆ? ಊರಿನ ಕಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಸಿಕಸವೇ ಇರುತ್ತದೆ. ಅದನ್ನು ಮನೆಯಲ್ಲಿಯೇ ಬೇರ್ಪಡಿಸಿ ಕೊಡಬೇಕೆಂದು ನಿಯಮಗಳು ಹೇಳುತ್ತವೆ. ಆ ಕಸ ಕೊಳೆತರೆ ಗೊಬ್ಬರ, ಕೂಡಿಬಿದ್ದರೆ ರೋಗ. ಸಕ್ಕರೆ ಕಾರ್ಖಾನೆಗಳ ಪ್ರೆಸ್‌ಮಡ್ಡೂ ಸರಿಯಾಗಿ ಹದಗೊಂಡರೆ ಒಳ್ಳೆಯ ಗೊಬ್ಬರವೇ. ಹಕ್ಕರಿಕೆ, ಪುಂಡಿ, ರಾಜಗಿರಿ, ಕಿರಕಸಾಲಿ, ಸಬ್ಬಸಗಿ ಮುಂತಾದವು ನಮ್ಮ ಮಣ್ಣಿಗೆ ಒಗ್ಗಿದ, ಕಡಿಮೆ ನೀರಿಗೆ ಬರುವ, ತಿಂಗಳೊಪ್ಪತ್ತಿನಲ್ಲಿ ಕೊಯ್ಲಿಗೆ ಸಿಗುವ ಪಲ್ಯಗಳು. ಒಂದು ಗುಂಟೆ ಎಂದರೆ 1089 ಚದರಡಿ. ಇಪ್ಪತ್ತು ಗುಂಟೆಯ ಉದ್ಯಾನದಲ್ಲಿ ಐದೇ ಗುಂಟೆಯನ್ನು ಪಲ್ಯದ ಮಡಿಗಳಿಗೆ ಬಿಟ್ಟು, ಅಂಚಿಗೆ ನುಗ್ಗೆ, ಕರಿಬೇವು, ಪಪ್ಪಾಯಿ, ನಿಂಬೆ ಹಚ್ಚಿದರೂ ಮಕ್ಕಳ ಆಟಕ್ಕೂ ಹಿರಿಯರ ನಡಿಗೆಗೂ ಜಾಗ ಧಾರಾಳವಾಗಿ ಉಳಿಯುತ್ತದೆ. ಒಂದು ಓಣಿಯ ಪೂರಾ ಹೊಟ್ಟೆಯನ್ನು ಅದು ತುಂಬಲಾರದು. ಆದರೆ ಬೆಲೆ ಏರಿದ ವಾರದಲ್ಲಿ ತಾಟಿನಿಂದ ಮಾಯವಾಗುವ ಆ ತಪ್ಪಲು ಪಲ್ಯವನ್ನು ಉಳಿಸಿಕೊಡಬಲ್ಲದು.

ಆಕ್ಷೇಪಗಳಿಲ್ಲವೆಂದಲ್ಲ. ಉದ್ಯಾನದ ಜಾಗವನ್ನು ಗುಂಪಿಗೆ ಕೊಟ್ಟರೆ ನಾಳೆ ಅದೇ ಗುಂಪು ಶೆಡ್ಡು ಹಾಕಿ ಕುಳಿತರೆ? ಇದು ನ್ಯಾಯವಾದ ಭಯ. ಆದ್ದರಿಂದಲೇ ಜಾಗದ ಒಡೆತನ ಪುರಸಭೆಯದೇ ಆಗಿರಬೇಕು. ಕಟ್ಟಡ, ಶೆಡ್ಡು ಎಂಬ ಮಾತೇ ಇರಬಾರದು. ಕರಾರು ವರುಷದ್ದಾಗಿದ್ದು ಪ್ರತಿ ವರುಷ ಎಲ್ಲರೆದುರು ನವೀಕರಣವಾಗಬೇಕು. 1985ರ ಕಾಯಿದೆಯ ಚೌಕಟ್ಟಿನೊಳಗೆ ಇದು ಹೇಗೆ ಕೂಡುತ್ತದೆಂಬುದನ್ನು ಬಲ್ಲವರಿಂದ ಮೊದಲೇ ಬರೆಯಿಸಿಕೊಳ್ಳಬೇಕು. ನೀರಿನದು ಇದಕ್ಕೂ ದೊಡ್ಡ ಪ್ರಶ್ನೆ. ಗಟಾರದ ನೀರನ್ನು ನೇರವಾಗಿ ಹಸಿ ತಿನ್ನುವ ಪಲ್ಯಕ್ಕೆ ಬಿಡುವುದನ್ನು ಯಾವ ಹಸಿರಿನ ಹೆಸರಿನಲ್ಲಿಯೂ ಒಪ್ಪಲಾಗದು. ಅದರಿಂದ ಬರುವ ಬೇನೆ ಪಲ್ಯವಿಲ್ಲದ ಊಟಕ್ಕಿಂತ ಕೆಟ್ಟದ್ದು. ಮಳೆನೀರಿನ ತೊಟ್ಟಿ ಇಲ್ಲವೆ ಕೊಳವೆ ಬಾವಿಯ ಹನಿ ನೀರಾವರಿ ಮೊದಲಾಗಬೇಕು, ಬೀಜ ಆಮೇಲೆ. ಕಳವಿನ ಮಾತು ಹೇಳುವವರಿಗೆ ನಮ್ಮ ಉತ್ತರ ಇಷ್ಟೆ: ಹಸಿದ ಹುಡುಗನೊಬ್ಬ ಒಂದು ಪಪ್ಪಾಯಿ ಕಿತ್ತರೆ ಹಣ್ಣು ತಲುಪಬೇಕಾದಲ್ಲಿಗೇ ತಲುಪಿತು.

ಶಾಲೆಗಳ ವಿಷಯದಲ್ಲಿ ಇಷ್ಟು ತೊಡಕೂ ಇಲ್ಲ. ಮಧ್ಯಾಹ್ನದ ಊಟಕ್ಕೆ ನಮ್ಮ ರಾಜ್ಯ ಇಟ್ಟಿರುವ ಹೆಸರೇ ಅಕ್ಷರ ದಾಸೋಹ. ಶಾಲೆಯ ಅಂಗಳದಲ್ಲಿ ಪೌಷ್ಟಿಕ ಕೈತೋಟ ಬೆಳೆಸಲು ಕೇಂದ್ರ ಸರಕಾರವು 2019ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ನುಗ್ಗೆಯ ನಾಲ್ಕು ಗಿಡಕ್ಕೆ ಯಾವ ಅನುದಾನವೂ ಬೇಡ. ಬೇಸಿಗೆಯ ಎರಡು ತಿಂಗಳ ರಜೆಯಲ್ಲಿ ನೀರು ಹಾಕುವವರಾರು ಎಂಬುದೊಂದೇ ಪ್ರಶ್ನೆ; ಬಹುತೇಕ ಶಾಲಾ ತೋಟಗಳು ಒಣಗುವುದೇ ಆಗ. ಓಣಿಯ ತಾಯಂದಿರಿಗೆ ಆ ಎರಡು ತಿಂಗಳ ಫಸಲನ್ನು ಬಿಟ್ಟುಕೊಟ್ಟರೆ ನೀರು ತಾನೇ ಬಂದೀತು ಎಂಬುದು ನಮ್ಮ ಎಣಿಕೆ.

ಮಠಗಳೂ ಈ ಮಾತಿನಿಂದ ಹೊರಗಿಲ್ಲ. ಜಾತ್ರೆಯ ದಾಸೋಹಕ್ಕೆ ಭಕ್ತರು ಬಂಡಿಗಟ್ಟಲೆ ಬದನೆ, ಕುಂಬಳ ತಂದು ಒಪ್ಪಿಸುತ್ತಿದ್ದ ಪದ್ಧತಿ ಈ ಭಾಗದಲ್ಲಿ ಹಳೆಯದು. ಇಂದು ಬಹಳಷ್ಟು ಕಡೆ ಅದು ಹಣದ ರಶೀದಿಯಾಗಿದೆ. ಕಬ್ಬಿನ ರೈತ ಬದನೆಯನ್ನು ತರುವುದಾದರೂ ಎಲ್ಲಿಂದ? ಬರುವ ಮುಂಗಾರಿಗೆ ಶ್ರೀಮಠದ ಹಿಂಬದಿಯ ಎಂಟು ಗುಂಟೆಯನ್ನು ಓಣಿಯ ಎರಡು ಸ್ತ್ರೀಶಕ್ತಿ ಗುಂಪುಗಳಿಗೆ ಒಂದು ವರ್ಷದ ಕರಾರಿನ ಮೇಲೆ ಬಿಟ್ಟುಕೊಡುವುದೆಂದು ತೀರ್ಮಾನವಾಗಿದೆ. ಬೆಳೆದದ್ದರಲ್ಲಿ ಕಾಲು ಪಾಲು ದಾಸೋಹಕ್ಕೆ, ಮುಕ್ಕಾಲು ಪಾಲು ಬೆಳೆದವರಿಗೆ. ಕರಾರಿನ ಕರಡು ಕಾರ್ಯಾಲಯದಲ್ಲಿದೆ. ಪುರಸಭೆಯ ಸದಸ್ಯರು ನೋಡಬಯಸಿದರೆ ಪ್ರತಿಯನ್ನು ಕೊಡುತ್ತೇವೆ. ನಾಟಿ ಬೀಜವುಳ್ಳವರು, ಅದರಲ್ಲಿಯೂ ಹಕ್ಕರಿಕೆ ಮತ್ತು ಕಿರಕಸಾಲಿಯ ಬೀಜ ಕಾಯ್ದಿಟ್ಟ ಹಿರಿಯ ತಾಯಂದಿರು, ಮಿರ್ಗದ ಮಳೆ ಬರುವುದರೊಳಗೆ ಒಂದು ಮುಷ್ಟಿ ತಲುಪಿಸಬೇಕೆಂದು ಕೋರುತ್ತೇವೆ.