ಸತ್ತ ಡಿಸ್ಕ್‌ಗಿಂತ ಕುಂಟುವ ಡಿಸ್ಕ್ ಅಪಾಯಕಾರಿ

ಪಹಣಿ, ಪಡಿತರ, ಜಾತಿ ಪ್ರಮಾಣಪತ್ರ ಎಂದು ಸಾಲಿನಲ್ಲಿ ನಿಂತವರಿಗೆ ಕೌಂಟರಿನ ಆಚೆಯಿಂದ ಸಿಗುವ ಉತ್ತರ ಚಿರಪರಿಚಿತ: ‘ಸರ್ವರ್ ಬಿಜಿ ಇದೆ, ಸ್ವಲ್ಪ ಕಾಯಿರಿ’. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ಪೋರ್ಟಲ್ ತೆವಳಿದ್ದನ್ನು ರಾಜ್ಯದ ಜನ ಕಂಡಿದ್ದಾರೆ. ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಕಾರಣ ‘ಒತ್ತಡ ಹೆಚ್ಚಾಗಿದೆ’, ಪರಿಹಾರ ‘ಸರ್ವರ್ ಸಾಮರ್ಥ್ಯ ಹೆಚ್ಚಿಸುತ್ತೇವೆ’. ಕಾರಣ ನಿಜವಾಗಿಯೂ ಅದೇ ಇರಬಹುದು. ಆದರೆ ಹುಡುಕಿ ನೋಡದೆ ಹಾಗೆನ್ನುವುದು ತಪ್ಪು. ದೊಡ್ಡ ದತ್ತಾಂಶ ಸಂಗ್ರಹಗಳನ್ನು ನಡೆಸಿದವರು ಬರೆದಿಟ್ಟ ಅನುಭವಗಳನ್ನು ಓದಿದರೆ, ಇಡೀ ವ್ಯವಸ್ಥೆಯನ್ನು ನಿಧಾನಗೊಳಿಸಿದ ದೋಷ ಎಷ್ಟೋ ಸಲ ಯಾವುದೋ ಒಂದು ಮೂಲೆಯಲ್ಲಿತ್ತು ಎಂಬುದು ತಿಳಿಯುತ್ತದೆ.

ಇಂದು ಯಾವ ದೊಡ್ಡ ಸೇವೆಯ ಮಾಹಿತಿಯೂ ಒಂದೇ ಯಂತ್ರದಲ್ಲಿ ಇರುವುದಿಲ್ಲ. ಹತ್ತಾರು, ನೂರಾರು ಸರ್ವರ್‌ಗಳನ್ನು ಜಾಲದಿಂದ ಬೆಸೆದು ಕ್ಲಸ್ಟರ್ ಕಟ್ಟುತ್ತಾರೆ. ಮಾಹಿತಿಯನ್ನು ತುಂಡುಗಳಾಗಿಸಿ, ಒಂದೊಂದು ತುಂಡಿನ ಮೂರು ಪ್ರತಿಗಳನ್ನು ಬೇರೆಬೇರೆ ಡಿಸ್ಕ್‌ಗಳಲ್ಲಿ ಇಡುವುದು ವಾಡಿಕೆ. ಒಂದು ಡಿಸ್ಕ್ ಪೂರ್ತಿ ಕೆಟ್ಟರೆ ಚಿಂತೆಯಿಲ್ಲ. ವ್ಯವಸ್ಥೆಯೇ ಅದನ್ನು ಗುರುತಿಸಿ, ಪಕ್ಕಕ್ಕಿಟ್ಟು, ಉಳಿದ ಪ್ರತಿಗಳಿಂದ ಕೆಲಸ ಮುಂದುವರಿಸುತ್ತದೆ. ಸಾಯದೆ ಕುಂಟುವ ಡಿಸ್ಕ್ ಹಾಗಲ್ಲ. ‘ಬದುಕಿದ್ದೀಯಾ’ ಎಂದು ವಿಚಾರಿಸಿದರೆ ‘ಹೌದು’ ಎನ್ನುತ್ತದೆ, ಕೆಲಸ ಕೊಟ್ಟರೆ ಮುಗಿಸುವುದಿಲ್ಲ. ಉಳಿದವೆಲ್ಲ ಅದರ ದಾರಿ ಕಾಯುತ್ತ ನಿಲ್ಲುತ್ತವೆ.

ಆ ಕಾಯುವಿಕೆ ಎಷ್ಟು ದುಬಾರಿ ಎಂಬುದನ್ನು ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಪ್ರತಿ ಸರ್ವರ್ ಸಾಮಾನ್ಯವಾಗಿ 10 ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತದೆ, ನೂರರಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಬಳಕೆದಾರರ ಒಂದು ಕೋರಿಕೆಗೆ ಇಂಥ ನೂರು ಸರ್ವರ್‌ಗಳ ಉತ್ತರ ಬೇಕಾದರೆ, ಶೇ 63ರಷ್ಟು ಕೋರಿಕೆಗಳು ಒಂದು ಸೆಕೆಂಡಿಗಿಂತ ಹೆಚ್ಚು ಕಾಯಬೇಕಾಗುತ್ತದೆ. ಮದುವೆ ದಿಬ್ಬಣದಲ್ಲಿ ತೊಂಬತ್ತೊಂಬತ್ತು ಜನ ಬಸ್ಸು ಹತ್ತಿ ಕೂತರೂ ಕೊನೆಯವನು ಬರುವ ತನಕ ಬಸ್ಸು ಹೊರಡುವುದಿಲ್ಲವಲ್ಲ, ಹಾಗೆ. ಇಷ್ಟಾದರೂ ಒಂದೊಂದು ಸರ್ವರಿನ ಸರಾಸರಿ ವೇಗ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಅನುಭವಿ ಎಂಜಿನಿಯರುಗಳು ಸರಾಸರಿಯನ್ನು ನಂಬದೆ, ಅತಿ ನಿಧಾನದ ನೂರನೇ ಒಂದು ಭಾಗವನ್ನು ಮೊದಲು ನೋಡುತ್ತಾರೆ.

ಹರಟೆ ತಾಣ ಡಿಸ್ಕಾರ್ಡ್‌ನ ಎಂಜಿನಿಯರುಗಳು 2017ರಲ್ಲಿ ಬಹಿರಂಗಪಡಿಸಿದ ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ಕಸಾಂಡ್ರ ಎಂಬ ದತ್ತಾಂಶ ತಂತ್ರಾಂಶ ಬಳಸುತ್ತಿದ್ದ ಅವರ ಕ್ಲಸ್ಟರ್ ಇದ್ದಕ್ಕಿದ್ದಂತೆ ಹತ್ತು ಹತ್ತು ಸೆಕೆಂಡ್ ಸ್ತಬ್ಧವಾಗತೊಡಗಿತು. ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದೇ ಒಂದು ಚಾನೆಲ್. ತೆರೆಯಲು 20 ಸೆಕೆಂಡ್ ಹಿಡಿಯುತ್ತಿದ್ದ ಆ ಚಾನೆಲ್‌ನಲ್ಲಿ ಇದ್ದದ್ದು ಒಂದು ಸಂದೇಶ ಮಾತ್ರ! ಅಲ್ಲಿದ್ದ ಲಕ್ಷಾಂತರ ಸಂದೇಶಗಳನ್ನು ಅದರ ಮಾಲೀಕರು ಅಳಿಸಿದ್ದರು. ಕಸಾಂಡ್ರದಲ್ಲಿ ಅಳಿಸಿದ್ದು ತಕ್ಷಣ ಮಾಯವಾಗುವುದಿಲ್ಲ. ‘ಇದು ಅಳಿದಿದೆ’ ಎಂಬ ಗುರುತು ಕೆಲವು ದಿನ ಉಳಿಯುತ್ತದೆ. ಉಳಿದ ಒಂದು ಸಂದೇಶ ತೋರಿಸಲು ವ್ಯವಸ್ಥೆ ಆ ಲಕ್ಷಾಂತರ ಗುರುತುಗಳನ್ನೂ ಓದಿ ದಾಟಬೇಕಿತ್ತು. ಗುರುತುಗಳ ಆಯುಷ್ಯವನ್ನು 10 ದಿನದಿಂದ 2 ದಿನಕ್ಕೆ ಇಳಿಸಿ, ಖಾಲಿ ಭಾಗಗಳನ್ನು ಓದದೆ ಬಿಡುವಂತೆ ಮಾಡಿದ ಮೇಲೆ ತೊಂದರೆ ನೀಗಿತು. ಹೊಸ ಸರ್ವರ್ ಖರೀದಿಸಿದ್ದರೆ ಹಣ ಖರ್ಚಾಗುತ್ತಿತ್ತೇ ಹೊರತು ಆ ಚಾನೆಲ್ ಹಾಗೆಯೇ ಇರುತ್ತಿತ್ತು.

ಕೆಲವೊಮ್ಮೆ ಕಾರಣ ತಂತ್ರಾಂಶದ ಹೊರಗಿರುತ್ತದೆ. 2008ರ ಕೊನೆಯಲ್ಲಿ ಸನ್ ಮೈಕ್ರೊಸಿಸ್ಟಮ್ಸ್‌ನಲ್ಲಿದ್ದ ಬ್ರೆಂಡನ್ ಗ್ರೆಗ್, ಓಡುತ್ತಿದ್ದ ಡಿಸ್ಕ್‌ಗಳ ಹತ್ತಿರ ಬಾಯಿಟ್ಟು ಜೋರಾಗಿ ಕಿರುಚಿದರು. ಪರದೆಯ ಮೇಲಿನ ನಕ್ಷೆಯಲ್ಲಿ ಡಿಸ್ಕ್ ಉತ್ತರಿಸುವ ಸಮಯ ಥಟ್ಟನೆ ಮೇಲೆದ್ದಿತು. ಮನುಷ್ಯನ ದನಿಯ ಕಂಪನವೇ ಸಾಕು ಡಿಸ್ಕ್ ಎಡವಲು! ಆ ವಿಡಿಯೊ ಈಗಲೂ ನೋಡಸಿಗುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಹರ್ಯಾದಿ ಗುಣವಿ ಮತ್ತು ಸಂಗಡಿಗರು 12 ಸಂಸ್ಥೆಗಳಿಂದ ಇಂಥ 101 ‘ಕುಂಟುವ ಯಂತ್ರ’ಗಳ ವರದಿ ಕಲೆಹಾಕಿ 2018ರಲ್ಲಿ ಪ್ರಕಟಿಸಿದರು. ಅದರಲ್ಲೊಂದು ಫ್ಯಾನಿನ ಕತೆ. ಒಂದು ಫ್ಯಾನ್ ನಿಂತಿತು, ಅದರ ಪಾಲಿನ ಗಾಳಿಯನ್ನೂ ಬೀಸಲು ಉಳಿದವು ಪೂರ್ತಿ ವೇಗದಲ್ಲಿ ತಿರುಗಿದವು, ಆ ಕಂಪನಕ್ಕೆ ಡಿಸ್ಕ್‌ಗಳು ನಿಧಾನವಾದವು. ಡಿಸ್ಕ್ ತಪ್ಪೇನೂ ಮಾಡಿರಲಿಲ್ಲ. ಹೀಗೆ ಒಂದರ ದೋಷ ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದರಿಂದಲೇ ಮೂಲ ಕಾರಣ ಹುಡುಕಲು ಕೆಲವೆಡೆ ತಿಂಗಳುಗಳೇ ಹಿಡಿದವು ಎನ್ನುತ್ತದೆ ಆ ಅಧ್ಯಯನ.

ಹಾಗೆಂದು ಹುಡುಕಾಟ ದೈವಾಧೀನವಲ್ಲ, ಅದಕ್ಕೊಂದು ಕ್ರಮವಿದೆ. ದತ್ತಾಂಶ ಸಂಗ್ರಹಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಸೆಫ್ ಅನ್ನೇ ನೋಡಿ. ಇದರಲ್ಲಿ ಎಲ್ಲ ಪ್ರತಿಗಳೂ ಬರೆದು ಮುಗಿಸಿದ ಮೇಲೆಯೇ ‘ಉಳಿಸಲಾಗಿದೆ’ ಎಂಬ ಉತ್ತರ ಬರುತ್ತದೆ. ಮೂರರಲ್ಲಿ ಒಂದು ಡಿಸ್ಕ್ ಸೋಮಾರಿಯಾದರೂ ಬರವಣಿಗೆಯ ವೇಗ ಅದರದ್ದೇ. 30 ಸೆಕೆಂಡಿಗೂ ಮುಗಿಯದ ಕೆಲಸವಿದ್ದರೆ ಸೆಫ್ ತಾನಾಗಿ ಎಚ್ಚರಿಕೆ ಕೊಡುತ್ತದೆ. ಒಂದೇ ಆಜ್ಞೆಯಲ್ಲಿ ಪ್ರತಿ ಡಿಸ್ಕ್ ಎಷ್ಟು ಮಿಲಿಸೆಕೆಂಡಿನಲ್ಲಿ ಬರೆಯುತ್ತಿದೆ ಎಂಬ ಪಟ್ಟಿ ಸಿಗುತ್ತದೆ. ಎಲ್ಲವೂ ಒಂದಂಕಿಯಲ್ಲಿದ್ದು ಒಂದು ಮಾತ್ರ ನೂರು ದಾಟಿದ್ದರೆ ಅನುಮಾನ ಅದರ ಮೇಲೆ. ನಂತರ ಆ ಡಿಸ್ಕಿನ ಆರೋಗ್ಯದ ದಾಖಲೆ, ಅದಿರುವ ಸರ್ವರಿನ ಕೇಬಲ್ಲು, ನೆಟ್‌ವರ್ಕ್ ಕಾರ್ಡು, ಅದೇ ಹೊತ್ತಿಗೆ ಹಿನ್ನೆಲೆಯಲ್ಲಿ ಡೇಟಾ ತಪಾಸಣೆ ಅಥವಾ ಮರುನಕಲು ನಡೆಯುತ್ತಿದೆಯೇ ಎಂಬುದನ್ನು ಒಂದೊಂದಾಗಿ ನೋಡುತ್ತ ಹೋಗುವುದು. ಇದಕ್ಕೆ ಬೇಕಿರುವುದು ತಾಳ್ಮೆ, ಅಳತೆಯ ಸಲಕರಣೆ ಮತ್ತು ಹುಡುಕಲು ಸಮಯ ಕೊಡುವ ಮೇಲಧಿಕಾರಿ.

ಹುಡುಕದೆ ಸರ್ವರ್ ಸೇರಿಸಿದರೆ ಏನಾಗಬಹುದು ಎಂಬುದಕ್ಕೆ ಅಮೆಜಾನ್‌ನ ಕಿನೆಸಿಸ್ ಸೇವೆ ಸಾಕ್ಷಿ. 2020ರ ನವೆಂಬರ್ 25ರಂದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಆ ಸೇವೆಗೆ ಒಂದಿಷ್ಟು ಸರ್ವರ್‌ಗಳನ್ನು ಸೇರಿಸಿದರು. ಅಲ್ಲಿ ಮುಂಚೂಣಿಯ ಪ್ರತಿ ಸರ್ವರ್ ಉಳಿದ ಪ್ರತಿಯೊಂದರ ಜತೆ ಮಾತಾಡಲು ಒಂದು ಥ್ರೆಡ್ (ಕೆಲಸದ ಎಳೆ) ತೆರೆದಿಟ್ಟುಕೊಳ್ಳುತ್ತಿತ್ತು. ಹೊಸಬರು ಬಂದೊಡನೆ ಎಲ್ಲ ಸರ್ವರ್‌ಗಳೂ ಆಪರೇಟಿಂಗ್ ಸಿಸ್ಟಂನ ಥ್ರೆಡ್ ಮಿತಿ ದಾಟಿದವು. ಸೇವೆ ಪೂರ್ತಿ ಚೇತರಿಸಿಕೊಳ್ಳುವ ಹೊತ್ತಿಗೆ ಅಮೆರಿಕದ ಪೆಸಿಫಿಕ್ ಕಾಲಮಾನದಲ್ಲಿ ರಾತ್ರಿ ಹತ್ತು ದಾಟಿತ್ತು. ಮುಂದಿನ ಪರಿಹಾರವಾಗಿ ಕಂಪನಿ ಆರಿಸಿಕೊಂಡದ್ದು ಹೆಚ್ಚು ಶಕ್ತಿಯ, ಆದರೆ ಕಡಿಮೆ ಸಂಖ್ಯೆಯ ಸರ್ವರ್‌ಗಳನ್ನು.

ನಮ್ಮಲ್ಲೂ ಇದೇ ಪಾಠ ಸಿಕ್ಕಿದೆ. 2025ರ ಏಪ್ರಿಲ್ 12ರಂದು ಯುಪಿಐ ತಡವರಿಸಿದಾಗ, ‘ಹಿಂದಿನ ಪಾವತಿ ಏನಾಯಿತು’ ಎಂದು ಬ್ಯಾಂಕುಗಳ ಕಡೆಯಿಂದ ಮತ್ತೆ ಮತ್ತೆ ಬಂದ ವಿಚಾರಣೆಗಳೇ ವ್ಯವಸ್ಥೆಯನ್ನು ಮುಳುಗಿಸಿದ್ದವು. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಮೂಲಕ್ಕೆ ಹೋಯಿತು. ಅದೇ ವರ್ಷದ ಆಗಸ್ಟ್ 1ರಿಂದ ಬಾಕಿ ಪಾವತಿಯ ಸ್ಥಿತಿ ವಿಚಾರಣೆ ಮೂರೇ ಸಲ, ಅದೂ 90 ಸೆಕೆಂಡ್ ಅಂತರದಲ್ಲಿ ಎಂಬ ಮಿತಿ ಬಂತು.

ರಾಜ್ಯದ ಪೋರ್ಟಲ್‌ಗಳಿಗೂ ಈ ಶಿಸ್ತು ಬರಬೇಕು. ಜನರ ತೆರಿಗೆ ಹಣದಲ್ಲಿ ನಡೆಯುವ ಪ್ರತಿ ಸೇವೆಯೂ ತನ್ನ ಸರಾಸರಿ ವೇಗದ ಜತೆಗೆ ಅತಿ ನಿಧಾನದ ಶೇ 1 ಕೋರಿಕೆಗಳು ಎಷ್ಟು ಹೊತ್ತು ಕಾದವು ಎಂಬುದನ್ನೂ ತಿಂಗಳಿಗೊಮ್ಮೆ ಪ್ರಕಟಿಸಬೇಕು. ಆ ಶೇ 1ರಲ್ಲಿ ಕೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಂತವರೂ ಇರುತ್ತಾರೆ. ಗುತ್ತಿಗೆ ಒಪ್ಪಂದಗಳಲ್ಲಿ ‘ಸೇವೆ ಚಾಲ್ತಿಯಲ್ಲಿತ್ತೇ’ ಎಂಬುದರ ಜತೆಗೆ ‘ಎಷ್ಟು ಬೇಗ ಉತ್ತರಿಸಿತು’ ಎಂಬ ಷರತ್ತೂ ಇರಬೇಕು; ಕುಂಟುತ್ತಿದ್ದ ಸೇವೆಯನ್ನು ಚಾಲ್ತಿಯಲ್ಲಿತ್ತು ಎಂದು ಲೆಕ್ಕ ಹಿಡಿಯಬಾರದು. ಸೇವೆ ದಿನವಿಡೀ ನರಳಿದರೆ, ಎಲ್ಲಿ ಏನು ಕೆಟ್ಟಿತ್ತು, ಹೇಗೆ ಪತ್ತೆಯಾಯಿತು, ಮತ್ತೆ ಆಗದಂತೆ ಏನು ಬದಲಿಸಲಾಯಿತು ಎಂಬ ವರದಿ ಎರಡು ವಾರದೊಳಗೆ ಕನ್ನಡದಲ್ಲೇ ಸಾರ್ವಜನಿಕರಿಗೆ ಸಿಗಬೇಕು. ಹೊಸ ಸರ್ವರ್ ಖರೀದಿಯ ಕಡತಕ್ಕೆ ಸಹಿ ಬೀಳುವ ಮುನ್ನ ಆ ವರದಿ ಅದರ ಮೊದಲ ಪುಟವಾಗಿರಲಿ.