ಚೀಟಿಯಿಲ್ಲದ ಸ್ಟಿರಾಯ್ಡ್ ಮತ್ತು ನಮ್ಮ ಮನೆಗಳು

ಮಂಡ್ಯ ಮತ್ತು ಮದ್ದೂರಿನ ನಡುವೆ ಹೆದ್ದಾರಿಯ ಬದಿಯಲ್ಲಿರುವ ಹನಕೆರೆಯ ಕೂಲಿಕಾರನೊಬ್ಬನು ತಜ್ಞ ವೈದ್ಯರನ್ನು ಕಾಣಬೇಕಾದರೆ ಮಂಡ್ಯಕ್ಕೆ ಹೋಗಬೇಕು. ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕು. ಮಂಡಿನೋವಿಗೋ ಉಬ್ಬಸಕ್ಕೋ ಔಷಧದಂಗಡಿಯಲ್ಲಿ ಚೀಟಿಯಿಲ್ಲದೆಯೇ ಗುಳಿಗೆ ಸಿಗುವುದಾದರೆ ಅವನು ಆ ದಾರಿಯನ್ನೇ ಹಿಡಿಯುವುದು ಸಹಜ. ಇದು ಒಂದು ಊರಿನ ಮಾತಲ್ಲ, ನಾಡಿನ ಎಲ್ಲ ಸಣ್ಣ ಊರುಗಳ ಮಾತು. ಎರಡೇ ದಿನಗಳಲ್ಲಿ ನೋವು ಮಾಯವಾಗುತ್ತದೆ, ಹಸಿವು ಹೆಚ್ಚುತ್ತದೆ, ಮೈಯಲ್ಲಿ ಹುರುಪು ಮೂಡುತ್ತದೆ. ಇಂತಹ ಗುಳಿಗೆಗಳಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆಯನ್ನು ಅವನಿಗೆ ತಿಳಿಸುವವರು ಯಾರು?

ಸ್ಟಿರಾಯ್ಡ್ ವಿಷವಲ್ಲ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ದಿನನಿತ್ಯ ಸ್ರವಿಸುವ ಕಾರ್ಟಿಸೋಲ್ ಕೂಡ ಸ್ಟಿರಾಯ್ಡ್ ಹಾರ್ಮೋನೇ. ರಕ್ತದೊತ್ತಡ, ರಕ್ತದ ಸಕ್ಕರೆ, ರೋಗ ನಿರೋಧಕ ಶಕ್ತಿ ಇವೆಲ್ಲವುಗಳ ಹತೋಟಿಯಲ್ಲಿ ಅದರ ಪಾತ್ರವಿದೆ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಂಧಿವಾತದಿಂದ ನರಳುತ್ತಿದ್ದ ಮಹಿಳೆಗೆ ಇದೇ ಬಗೆಯ ಹಾರ್ಮೋನನ್ನು ಚುಚ್ಚುಮದ್ದಾಗಿ ನೀಡಿದಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಇದರ ಹಿಂದಿನ ಸಂಶೋಧನೆಗಾಗಿ ಕೆಂಡಾಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಆದರೆ ಅದರ ಅಡ್ಡ ಪರಿಣಾಮಗಳೂ ವೈದ್ಯರ ಅರಿವಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಅಡ್ರಿನಲ್ ಗ್ರಂಥಿ ತಾನೇ ತಾನಾಗಿ ಕೆಲಸ ಮಾಡುವುದಿಲ್ಲ. ಮಿದುಳಿನ ಹೈಪೋಥಲಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ, ಪಿಟ್ಯುಟರಿ ಅಡ್ರಿನಲ್‌ಗೆ ಆಜ್ಞೆ ನೀಡುತ್ತದೆ. ರಕ್ತದಲ್ಲಿ ಹಾರ್ಮೋನು ಸಾಕಷ್ಟಿದೆಯೆಂದು ಕಂಡಾಗ ಮಿದುಳು ಆಜ್ಞೆಯನ್ನು ತಡೆಯುತ್ತದೆ. ಅರ್ಧ ಮಿಲಿಗ್ರಾಂನ ಒಂದು ಡೆಕ್ಸಾಮೆಥಾಸೋನ್ ಗುಳಿಗೆಯ ಪ್ರಭಾವವು ದೇಹವು ಇಡೀ ದಿನದಲ್ಲಿ ತಯಾರಿಸುವ ಕಾರ್ಟಿಸೋಲ್‌ಗೆ ಹೆಚ್ಚುಕಡಿಮೆ ಸಮ. ದಿನವೂ ಹೊರಗಿನಿಂದ ಊಟ ಬರುತ್ತಿದ್ದರೆ ಮನೆಯ ಒಲೆ ತಣ್ಣಗಾಗುತ್ತದೆ. ಹಾಗೆಯೇ ವಾರಗಟ್ಟಲೆ ಗುಳಿಗೆ ನುಂಗಿದವನ ಗ್ರಂಥಿ ಸೊರಗುತ್ತದೆ. ಅವನು ಒಂದು ದಿನ ಗುಳಿಗೆಯನ್ನು ದಿಢೀರನೆ ನಿಲ್ಲಿಸಿದರೆ ವಾಂತಿ, ನಿಶ್ಶಕ್ತಿ, ರಕ್ತದೊತ್ತಡದ ಕುಸಿತ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ನಿಲ್ಲಿಸದೆ ಮುಂದುವರಿಸಿದರೆ ಮುಖ ಊದಿಕೊಳ್ಳುತ್ತದೆ, ಎಲುಬು ಸವೆಯುತ್ತದೆ, ಸಕ್ಕರೆ ಕಾಯಿಲೆ ಬರಬಹುದು, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ.

ಮನಸ್ಸಿನ ಮೇಲಾಗುವ ಪರಿಣಾಮದ ಬಗ್ಗೆ ನಮ್ಮಲ್ಲಿ ಚರ್ಚೆಯೇ ನಡೆಯುವುದಿಲ್ಲ. ನೆನಪನ್ನು ರೂಪಿಸುವ ಹಿಪ್ಪೋಕ್ಯಾಂಪಸ್ ಎಂಬ ಮಿದುಳಿನ ಭಾಗವು ಈ ಹಾರ್ಮೋನಿಗೆ ವಿಶೇಷವಾಗಿ ಸ್ಪಂದಿಸುತ್ತದೆ. ನಿದ್ರಾಹೀನತೆ, ಅಕಾರಣ ಉಲ್ಲಾಸ, ಸಿಡುಕು, ಖಿನ್ನತೆ, ಕೆಲವೊಮ್ಮೆ ಭ್ರಮೆ ಕೂಡ ಕಾಣಿಸಿಕೊಳ್ಳುತ್ತದೆ. 1972ರಲ್ಲಿ ಬೋಸ್ಟನ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನಕ್ಕೆ 40 ಮಿಲಿಗ್ರಾಂವರೆಗೆ ಪ್ರೆಡ್ನಿಸೋನ್ ಪಡೆದವರಲ್ಲಿ ಶೇ. 1.3 ಮಂದಿಗೆ ಮಾನಸಿಕ ತೊಂದರೆ ಕಂಡುಬಂದರೆ, 80 ಮಿಲಿಗ್ರಾಂ ಮೀರಿದವರಲ್ಲಿ ಅದು ಶೇ. 18.4ರಷ್ಟಿತ್ತು. ಮನೆಯ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಬದಲಾದಾಗ ಕಣ್ಣು ತಾಗಿತೆಂದೋ ಗಾಳಿ ಸೋಕಿತೆಂದೋ ತಾಯಿತಕ್ಕಾಗಿ ಅಲೆಯುವ ಮೊದಲು ಅವರು ನುಂಗುತ್ತಿರುವ ಗುಳಿಗೆಯ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು ವಿವೇಕವಲ್ಲವೇ?

ಕೊರೋನಾ ಕಾಲವು ಈ ಪಾಠವನ್ನು ಕಣ್ಣೀರಿನಲ್ಲಿ ಕಲಿಸಿತು. ಕೃತಕ ಉಸಿರಾಟದ ಯಂತ್ರದಲ್ಲಿದ್ದ ರೋಗಿಗಳ ಸಾವನ್ನು ಡೆಕ್ಸಾಮೆಥಾಸೋನ್ ಮೂರನೇ ಒಂದರಷ್ಟು ತಗ್ಗಿಸುತ್ತದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲವೆಂದೂ ಅದೇ ಪ್ರಯೋಗ ಹೇಳಿತ್ತು. ಜನರು ಮೊದಲ ಮಾತನ್ನು ಕೇಳಿದರು, ಎರಡನೆಯದನ್ನು ಮರೆತರು. 2021ರ ಎರಡನೇ ಅಲೆಯಲ್ಲಿ ಹತೋಟಿಯಿಲ್ಲದ ಮಧುಮೇಹ ಮತ್ತು ಮಿತಿಮೀರಿದ ಸ್ಟಿರಾಯ್ಡ್ ಜೊತೆಗೂಡಿದಲ್ಲಿ ಕಪ್ಪು ಶಿಲೀಂಧ್ರ ದಾಳಿಯಿಟ್ಟಿತು. ಕರ್ನಾಟಕದಲ್ಲಿ ಸಾವಿರಾರು ಮಂದಿ ಅದಕ್ಕೆ ತುತ್ತಾದರು. ಕಣ್ಣು, ದವಡೆ ಕಳೆದುಕೊಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಈ ಪಿಡುಗು ಗುಳಿಗೆಗೆ ಸೀಮಿತವಲ್ಲ. ಹೆಣ್ಣು ನೋಡಲು ಬರುವವರು ಬಣ್ಣವನ್ನು ಅಳೆಯುವುದರಿಂದ ಹೆಣ್ಣುಮಕ್ಕಳು ಬೀಟಾಮೆಥಾಸೋನ್‌ನಂತಹ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಮುಖಕ್ಕೆ ಬಳಿಯುತ್ತಾರೆ. ಚರ್ಮ ತೆಳುವಾಗಿ, ಕೆಂಪಾಗಿ, ಕೂದಲು ಮೂಡಿದ ಮೇಲೆ ಅದನ್ನು ಬಿಡಲೂ ಆಗದೆ ಹಚ್ಚಲೂ ಆಗದೆ ಪರಿತಪಿಸುತ್ತಾರೆ. ಇಲ್ಲಿ ಬದಲಾಗಬೇಕಾದುದು ಮಗಳ ಬಣ್ಣವೋ, ವರನ ಕಡೆಯವರ ದೃಷ್ಟಿಯೋ? ಇನ್ನು ಜಿಮ್‌ಗಳಲ್ಲಿ ಮೈ ಹುರಿಗೊಳಿಸಲು ಯುವಕರು ಚುಚ್ಚಿಸಿಕೊಳ್ಳುವುದು ಪುರುಷ ಹಾರ್ಮೋನಿನ ಜಾತಿಯ ಸ್ಟಿರಾಯ್ಡ್. ಅದು ವೃಷಣಗಳನ್ನು ಕುಗ್ಗಿಸಿ ಸಂತಾನ ಶಕ್ತಿಗೆ ಕುಂದು ತರುತ್ತದೆ, ಕೆಲವರಲ್ಲಿ ಕೋಪವನ್ನು ಕೆರಳಿಸುತ್ತದೆ, ನಿಲ್ಲಿಸಿದಾಗ ಖಿನ್ನತೆಗೆ ದೂಡಬಹುದು.

ಕಾನೂನು ಇಲ್ಲವೆಂದಲ್ಲ. ಸ್ಟಿರಾಯ್ಡ್ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನೂ ಈ ನಿರ್ಬಂಧದೊಳಗೆ ತಂದಿತು. ಆದರೆ ಕಾಗದದ ಮೇಲಿನ ಕಾನೂನು ಅಂಗಡಿಯ ಕಟ್ಟೆಯ ತನಕ ತಲುಪಬೇಡವೇ? ಸರಕಾರವು ತಪಾಸಣೆಯನ್ನು ಬಿಗಿಗೊಳಿಸಲಿ. ಅಷ್ಟೇ ಮುಖ್ಯವಾಗಿ, ಹಳ್ಳಿಯ ಬಡವನಿಗೆ ಕೂಲಿ ಕಳೆದುಕೊಳ್ಳದೆ ವೈದ್ಯರು ಸಿಗುವ ವ್ಯವಸ್ಥೆ ಮಾಡಲಿ. ಅದಿಲ್ಲದೆ ಬರೇ ಅಂಗಡಿಯ ಬಾಗಿಲು ಮುಚ್ಚಿಸಿದರೆ ನೋವು ಉಂಡವನಿಗೆ ಇನ್ನೊಂದು ನೋವು ಕೊಟ್ಟಂತೆ.

ಹಾಗೆಂದು ಸ್ಟಿರಾಯ್ಡ್ ಎಂಬ ಹೆಸರಿಗೇ ಬೆದರಬೇಕಾಗಿಲ್ಲ. ಉಬ್ಬಸದ ಮಗುವಿಗೆ ವೈದ್ಯರು ಕೊಡುವ ಇನ್‌ಹೇಲರ್‌ನಲ್ಲಿರುವ ಪ್ರಮಾಣ ಬಹಳ ಸಣ್ಣದು. ಅದನ್ನು ಭಯದಿಂದ ನಿಲ್ಲಿಸಿದರೆ ಮಗುವಿಗೇ ಅಪಾಯ. ದೀರ್ಘಕಾಲದಿಂದ ಈ ಗುಳಿಗೆ ಸೇವಿಸುವವರು ರಮಝಾನ್‌ನಲ್ಲಿ ತಾವಾಗಿಯೇ ಅದನ್ನು ಬಿಡಬಾರದು. ಉಪವಾಸ ಆಚರಿಸಬಹುದೇ, ಗುಳಿಗೆಯ ಸಮಯ ಬದಲಿಸಬಹುದೇ ಎಂದು ಮುಂಚಿತವಾಗಿ ವೈದ್ಯರಲ್ಲಿ ಕೇಳಬೇಕು. ರೋಗಿಗೆ ರಿಯಾಯಿತಿ ನೀಡಿರುವ ಧರ್ಮವು ಆತ್ಮಹಾನಿಯನ್ನು ಭಕ್ತಿಯೆಂದು ಪರಿಗಣಿಸುವುದಿಲ್ಲ. ನಮ್ಮ ಮೊಹಲ್ಲಾ ಸಮಿತಿಗಳು, ಮಹಿಳಾ ಕೂಟಗಳು ವರ್ಷಕ್ಕೊಮ್ಮೆಯಾದರೂ ವೈದ್ಯರನ್ನು ಕರೆಸಿ ಈ ಕುರಿತು ಅರಿವು ಮೂಡಿಸಲಿ. ಮನೆಯಲ್ಲಿರುವ ಪ್ರತಿ ಗುಳಿಗೆಯ ಹೆಸರೇನು, ಯಾರು ಬರೆದುಕೊಟ್ಟರು, ಎಷ್ಟು ದಿನಕ್ಕೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ರೂಢಿ ಇಂದೇ ಆರಂಭವಾಗಲಿ.