ಒಂದು ಎಂಬ ಸಂಖ್ಯೆ ಮಾಡಿದ ಮೋಸ

ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ ಕಿರುಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ಶಾಲೆಗೆ ಬಂದಿದ್ದರು. “ಸಾರ್, ನೀವು ಹೇಳಿದ ಹಾಗೇ ತಾಳೆ ನೋಡಿದ್ದಾಳೆ. ಸರಿ ಬಂದಿದೆ. ಮತ್ತೆ ಸೊನ್ನೆ ಯಾಕೆ?” ಎಂದರು. ಹುಡುಗಿ ಅವರ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು.

ಲೆಕ್ಕ ಇಷ್ಟೆ: 2ಕ + 3ಕ² ಇದನ್ನು ಸಂಕ್ಷೇಪಿಸಿ. (ಎಕ್ಸ್ ಬದಲು ಇಲ್ಲಿ ಕ ಎಂದು ಬರೆದಿದ್ದೇನೆ. ಇದು ಹೊಸದಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ಅವ್ಯಕ್ತ ಸಂಖ್ಯೆಗಳಿಗೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರಿಟ್ಟು ಮೊದಲಕ್ಷರಗಳನ್ನೇ ಬಳಸಿದ್ದರು.) ಅವಳ ಉತ್ತರ 5ಕ³. ತಾಳೆ ನೋಡಲು ಕ = 1 ಎಂದು ಇಟ್ಟಿದ್ದಳು. ಎಡಗಡೆ 2 + 3, ಅಂದರೆ 5. ಬಲಗಡೆಯೂ 5!

ನಾನು ಒಂದು ಕ್ಷಣ ತಬ್ಬಿಬ್ಬಾದೆ. “ಯಾವುದಾದರೂ ಸಂಖ್ಯೆ ಇಟ್ಟು ತಾಳೆ ನೋಡಿ” ಎಂದು ತರಗತಿಯಲ್ಲಿ ಹೇಳಿದವನು ನಾನೇ. ಒಂದರ ವರ್ಗವೂ ಒಂದೇ, ಘನವೂ ಒಂದೇ. ಹೀಗಾಗಿ ಘಾತದ ತಪ್ಪನ್ನು ಅದು ತೋರಿಸುವುದೇ ಇಲ್ಲ. ಸೊನ್ನೆ ಇಟ್ಟಿದ್ದರೆ ಇನ್ನೂ ಅನ್ಯಾಯ.

ಜೇಬಿನಿಂದ ಎರಡು ಹತ್ತರ ನೋಟು, ಮೂರು ನೂರರ ನೋಟು ತೆಗೆದು ಮೇಜಿನ ಮೇಲಿಟ್ಟೆ. ಕ ಅಂದರೆ 10, ಕ² ಅಂದರೆ 100.

“ಎಷ್ಟಮ್ಮ?”

“ಮುನ್ನೂರ ಇಪ್ಪತ್ತು.”

“ನಿನ್ನ ಉತ್ತರದ ಪ್ರಕಾರ?”

ಅವಳು ಬೆರಳು ಮಡಚಿ, “ಐದು ಸಾವಿರ” ಎಂದಳು. ತಾಯಿಗೆ ನಗು ತಡೆಯಲಾಗಲಿಲ್ಲ.

ನೋಟುಗಳು ಐದು ನಿಜ. ಆದರೆ ಹತ್ತು, ನೂರು ಬೇರೆ ಬೇರೆ ಜಾತಿ. 2ಕ + 3ಕ ಆಗಿದ್ದರೆ ಮಾತು ಬೇರೆ. ಕ ಎಷ್ಟೇ ಆಗಿರಲಿ, ಅದರ ಎರಡು ಪಾಲು, ಮೂರು ಪಾಲು ಸೇರಿ (2 + 3)ಕ, ಅಂದರೆ 5ಕ. ಇದು ವಿಭಾಜಕ ನಿಯಮ. ಸಹಗುಣಕಗಳು ಮಾತ್ರ ಕೂಡುತ್ತವೆ, ಘಾತ ಅಲುಗುವುದಿಲ್ಲ. ಸಜಾತಿಗಳನ್ನು ಕೂಡಿಸಿ ಕಳೆಯಬೇಕು, ವಿಜಾತಿಗಳನ್ನು ಬೇರೆಯಾಗಿಯೇ ಇಡಬೇಕು ಎಂಬುದನ್ನು ಬ್ರಹ್ಮಗುಪ್ತರು 628ರಲ್ಲೇ ಹೇಳಿದ್ದರು. ಆದ್ದರಿಂದ 2ಕ + 3ಕ² ಇದ್ದ ಹಾಗೇ ಉತ್ತರ. ಕೂಡಿಸಲು ಅಲ್ಲಿ ಏನೂ ಇಲ್ಲ. ಕೂಡಿಸುವ ಚಿಹ್ನೆ ಉಳಿದರೆ ಲೆಕ್ಕ ಮುಗಿದಿಲ್ಲ ಎಂದು ಮಕ್ಕಳಿಗೆ ಅನ್ನಿಸುತ್ತದೆ. ಬಹುಪಾಲು ತಪ್ಪು ಹುಟ್ಟುವುದು ಅಲ್ಲಿಯೇ.

ಮಾವು, ಬಾಳೆ ಬೆರೆಸಬಾರದು ಎಂದು ಕಲಿಸುವ ರೂಢಿಯೂ ಉಂಟು. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಅಕ್ಷರ ನಿಂತಿರುವುದು ಹಣ್ಣಿಗಲ್ಲ, ಸಂಖ್ಯೆಗೆ.

ಮನೆಯಲ್ಲಿ ತಾಳೆ ನೋಡಿಸುವ ಪೋಷಕರು ಸೊನ್ನೆ, ಒಂದನ್ನು ಬಿಡಿಸಿ. ಎರಡೂ ನಂಬಿಕಸ್ಥನಲ್ಲ; ಕ + ಕ = ಕ² ಎಂಬ ತಪ್ಪು ಅದರ ಕಣ್ಣಿಗೆ ಬೀಳುವುದಿಲ್ಲ. 3 ಅಥವಾ 10 ಇಡಿ. ಎರಡು ಅಕ್ಷರಗಳಿದ್ದರೆ ಬೇರೆ ಬೇರೆ ಸಂಖ್ಯೆ ಕೊಡಿ. ತಾಳೆಯಾಗದಿದ್ದರೆ ಉತ್ತರ ಖಂಡಿತ ತಪ್ಪು. ತಾಳೆಯಾದರೆ ಸರಿ ಇರಬಹುದು, ಅಷ್ಟೆ.

ಹುಡುಗಿಗೆ ಅಂಕ ಕೊಡಲಾಗಲಿಲ್ಲ. ಮರುದಿನ ತರಗತಿಯಲ್ಲಿ ತಪ್ಪು ನನ್ನದೆಂದು ಹೇಳಿ, ನೋಟುಗಳ ಲೆಕ್ಕವನ್ನು ಅವಳಿಂದಲೇ ಹಲಗೆಯ ಮೇಲೆ ಬರೆಸಿದೆ.

ಈ ವಾರದ ಲೆಕ್ಕ: 4ಕ² + 3ಕ − ಕ² − 5ಕ ಸಂಕ್ಷೇಪಿಸಿ. ಕ = 3 ಇಟ್ಟಾಗ ಎರಡೂ ಕಡೆ 21 ಬರಬೇಕು.